ಕಣ್ಣಿಗೆ ಕಾಣುವ ಜೀವಕೋಶವೂ ಇದೆಯಲ್ಲ, ಹಾಗಾದರೆ ಉಳಿದವು ಏಕೆ ಅಷ್ಟು ಚಿಕ್ಕವು?

ಕಡಲದಂಡೆ (ಕಾರವಾರ)

ಕಡಲು ರಾತ್ರಿ ನೀಲಿಯಾಗಿ ಬೆಳಗುತ್ತಿದೆ ಎಂದು ಊರಿಗೆ ಊರೇ ಮೊಬೈಲ್ ಹಿಡಿದು ದಂಡೆಗೆ ಬಂದಿತ್ತು. ನಾನು ಫೋಟೊ ಬಿಟ್ಟು ಒಂದು ಬಾಟಲಿ ನೀರು ತುಂಬಿಕೊಂಡು ಬಂದೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಮೇಲ್ಪದರದಲ್ಲಿ ಬಣ್ಣವಿಲ್ಲದ ಸಣ್ಣ ಕಾಳುಗಳು ತೇಲುತ್ತಿದ್ದವು. ಸಾಸಿವೆಗಿಂತ ಬಹಳ ಚಿಕ್ಕವು, ಆದರೂ ಕನ್ನಡಕ ಹಾಕಿದರೆ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬಹುದು. ಇದು ನಾಕ್ಟಿಲ್ಯೂಕ, ಒಂದೊಂದು ಕಾಳೂ ಒಂದೇ ಜೀವಕೋಶ ಎಂದು ಓದಿ ತಿಳಿದೆ.

ಕೋಶ ದೊಡ್ಡದಾದರೆ ಮೇಲ್ಮೈ ಸಾಲುವುದಿಲ್ಲ, ಅದಕ್ಕೇ ಕೋಶಗಳು ಚಿಕ್ಕವಾಗಿರುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ನಿಯಮವಾದರೆ ಈ ಕಾಳು ಅದನ್ನು ಮೀರಿದ್ದು ಹೇಗೆ? ಮೀರಬಹುದು ಎಂದಾದರೆ ನಮ್ಮ ಮೈಯೊಳಗಿನ ಕೋಶಗಳಿಗೆ ಏನು ಅಡ್ಡಿ?

ಬೇಲೆಕೇರಿ ದೋಣಿ

ಬೆಳಕು ನಮಗೆ ಹೊಸದಲ್ಲ. ಬಲೆ ಎಳೆಯುವಾಗ ಬಲೆಯ ಕಣ್ಣುಕಣ್ಣೂ ಬೆಳಗುವುದನ್ನು ನಮ್ಮ ಅಜ್ಜಂದಿರೂ ಕಂಡವರೇ. ಕತ್ತಲ ರಾತ್ರಿಯಲ್ಲಿ ನೀರೊಳಗೆ ಬೆಳಕು ಸರಿದಾಡಿದರೆ ಬಂಗಡೆಯ ಹಿಂಡು ಎತ್ತ ಹೊರಟಿದೆ ಎಂದು ತಿಳಿಯುತ್ತದೆ. ಆದರೆ ಒಂದು ಕಾಳು ಎಂದರೆ ಒಂದೇ ಕೋಶ ಎಂಬುದು ನನಗೆ ಹೊಸ ಮಾತು. ಮಾಸ್ತರು ಹೇಳಲಿ.

ಕುಮಟಾ ಮಾಸ್ತರು

ಮೊದಲು ಪಠ್ಯದಲ್ಲಿರುವುದನ್ನು ಸರಿಯಾಗಿ ಹಿಡಿದುಕೊಳ್ಳೋಣ, ಜಗಳ ಆಮೇಲೆ.

ಒಂದು ಮಿಲಿಮೀಟರ್ ಅಂಚಿನ ಘನಕ್ಕೆ ಆರು ಮುಖ. ಮೇಲ್ಮೈ 6, ಘನಫಲ 1. ಅಂಚನ್ನು ಎರಡು ಮಾಡಿ: ಮೇಲ್ಮೈ 24, ಘನಫಲ 8. ಹತ್ತು ಮಾಡಿ: ಮೇಲ್ಮೈ 600, ಘನಫಲ 1000. ಮೊದಲ ಘನದಲ್ಲಿ ಒಂದು ಪಾಲು ಒಡಲಿಗೆ ಆರು ಪಾಲು ಮೇಲ್ಮೈ ಇತ್ತು, ಕೊನೆಯದರಲ್ಲಿ ಒಂದು ಪಾಲಿಗೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕೋಶ ಉಣ್ಣುವುದು, ಉಸಿರಾಡುವುದು, ಕಸ ಹೊರಹಾಕುವುದು ಎಲ್ಲವೂ ಹೊರಪೊರೆಯ ಮೂಲಕ. ಈ ಲೆಕ್ಕ ಜೀವಶಾಸ್ತ್ರದವರ ಸ್ವಂತದ್ದೂ ಅಲ್ಲ. ದೊಡ್ಡ ಪ್ರಾಣಿಯ ಮೂಳೆ ಏಕೆ ಪ್ರಮಾಣ ಮೀರಿ ದಪ್ಪಗಿರಬೇಕು ಎಂಬುದನ್ನು ಗೆಲಿಲಿಯೊ 1638ರಲ್ಲೇ ಇದೇ ಹಾದಿಯಲ್ಲಿ ವಿವರಿಸಿದ್ದ.

ಮಕ್ಕಳಿಗೆ ನಾನು ಮಾಡಿಸುತ್ತಿದ್ದ ಪ್ರಯೋಗ ಇದು, ಬೇಕಾದವರು ಮನೆಯಲ್ಲೇ ಮಾಡಿ. ಚೈನಾಗ್ರಾಸ್ ಕುದಿಸಿ, ಅರಿಶಿನ ಕದಡಿ, ಆಳದ ಪಾತ್ರೆಯಲ್ಲಿ ಹೆಪ್ಪುಗಟ್ಟಲು ಬಿಡಿ. 1, 2, 3 ಸೆಂಟಿಮೀಟರ್ ಅಂಚಿನ ಮೂರು ಘನ ಕತ್ತರಿಸಿ ಬಟ್ಟೆ ಸೋಡಾ ಕರಗಿಸಿದ ನೀರಿನಲ್ಲಿ ಒಟ್ಟಿಗೆ ಮುಳುಗಿಸಿ. ಸೋಡಾ ತಾಗಿದಲ್ಲೆಲ್ಲ ಅರಿಶಿನ ಕೆಂಪಾಗುತ್ತದೆ. ಚಿಕ್ಕ ಘನದ ನಡುವಿನವರೆಗೆ ಕೆಂಪು ಏರಿತೆಂದು ಕಂಡಾಗ ಮೂರನ್ನೂ ತೆಗೆದು ಕೊಯ್ಯಿರಿ. ಕೆಂಪು ಒಳಹೊಕ್ಕ ದೂರ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ಅರ್ಧ ಸೆಂಟಿಮೀಟರ್. ಆದರೆ ಚಿಕ್ಕದರಲ್ಲಿ ಹಳದಿ ಉಳಿದಿಲ್ಲ. ಎರಡನೆಯದರಲ್ಲಿ ಎಂಟರಲ್ಲೊಂದು ಪಾಲು ಹಳದಿ. ಮೂರನೆಯದರಲ್ಲಿ ಇಪ್ಪತ್ತೇಳರಲ್ಲಿ ಎಂಟು ಪಾಲು ಹಳದಿ. ಆ ಹಳದಿ ಭಾಗಕ್ಕೆ ಊಟ ತಲುಪಿಲ್ಲ ಎಂದಿಟ್ಟುಕೊಳ್ಳಿ.

ತೋಟಿಗ (ಶಿರಸಿ)

ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ಮನೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮಿಡಿ ಎಳತಿದ್ದಾಗ ಇಡಿಯಾಗಿ ಹಾಕಬಹುದು; ಬಲಿತ ಕಾಯಿಯನ್ನು ಹೋಳು ಮಾಡದೆ ಹಾಕಿದರೆ ಉಪ್ಪು ಗೊರಟಿನ ಹತ್ತಿರ ಹೋಗುವಷ್ಟರಲ್ಲಿ ಕಾಯಿ ಕೆಟ್ಟಿರುತ್ತದೆ.

ನನ್ನ ತಕರಾರು ಬೇರೆ. ಕೋಶ ಘನವಾಗಿಯೇ, ಗುಂಡಗೆಯೇ ಇರಬೇಕೆಂದು ಯಾರು ಹೇಳಿದರು? ತೆಳ್ಳಗೆ ಹರವಿಕೊಳ್ಳಲಿ, ಇಲ್ಲವೇ ಉದ್ದಕ್ಕೆ ಎಳೆದುಕೊಳ್ಳಲಿ. ಆಗ ಎಷ್ಟು ದೊಡ್ಡದಾದರೂ ಹೊರಗಿನಿಂದ ನಡುವಿಗೆ ದೂರ ಅಷ್ಟೇ. ಹಳಿಯಾಳ, ಮುಂಡಗೋಡ ಕಡೆ ಹತ್ತಿ ಬೆಳೆಯುತ್ತಾರಲ್ಲ, ಆ ಹತ್ತಿಯ ಒಂದೊಂದು ಎಳೆಯೂ ಒಂದೇ ಕೋಶ ಎಂದು ಕೃಷಿ ಪದವಿ ಓದುವಾಗ ಹೇಳಿಕೊಟ್ಟಿದ್ದರು. ಎರಡೂವರೆ, ಮೂರು ಸೆಂಟಿಮೀಟರ್ ಉದ್ದದ ಕೋಶ! ಅದನ್ನು ಚಿಕ್ಕದು ಎನ್ನುವುದು ಹೇಗೆ?

ಕುಮಟಾ ಮಾಸ್ತರು

ಎಳೆಯ ವಿಷಯ ನಿಜ. ಬೀಜದ ಸಿಪ್ಪೆಯ ಹೊರಪದರದ ಒಂದೊಂದು ಕೋಶ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಆದರೆ ಅದರ ಅಗಲ ನೋಡಿ, ಇಪ್ಪತ್ತು ಮೈಕ್ರಾನಿನ ಆಸುಪಾಸು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಮ್ಮ ತಕರಾರು ನನ್ನ ಮಾತನ್ನೇ ಗಟ್ಟಿ ಮಾಡಿತು, ತೋಟಿಗರೇ.

ಲೆಕ್ಕದವಳು (ಹೊನ್ನಾವರ)

ಭೌತಶಾಸ್ತ್ರ ಕಲಿಸುವವಳು ನಾನು, ಹಾಗಾಗಿ ಮಾಸ್ತರ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ. ಅಲ್ಲಿ ಒಂದು ವಿಚಿತ್ರ ಕಾಣುತ್ತದೆ.

ಗಾಳಿ ಬೆರೆತ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಗುಂಡಗಿನ ಒಂದು ಜೀವಿ, ಅದರ ಒಂದು ಗ್ರಾಂ ಮೈ ಗಂಟೆಗೆ 0.1 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ ಎಂದುಕೊಳ್ಳಿ. ಇದು ನಿಧಾನ ಬದುಕಿನ ಜೀವಿಯ ಲೆಕ್ಕ. ಬರೀ ವಿಸರಣೆಯಿಂದ, ಅಂದರೆ ಕಣಗಳು ತಾವಾಗಿಯೇ ಹರಡುವುದರಿಂದ, ಅದರ ನಡುವಿನವರೆಗೆ ಆಮ್ಲಜನಕ ತಲುಪಬೇಕಾದರೆ ತ್ರಿಜ್ಯ ಎಷ್ಟಿರಬಹುದು? ಲೆಕ್ಕ ಹಾಕಿದರೆ ಸುಮಾರು ಒಂದು ಮಿಲಿಮೀಟರ್ ಬರುತ್ತದೆ. ಹಸಿವು ಹತ್ತು ಪಟ್ಟಾದರೂ ತ್ರಿಜ್ಯ ಹತ್ತನೇ ಒಂದಕ್ಕೆ ಇಳಿಯುವುದಿಲ್ಲ, ವರ್ಗಮೂಲದ ನಿಯಮದಿಂದ ಮೂರನೇ ಒಂದಕ್ಕೆ ಇಳಿಯುತ್ತದೆ ಅಷ್ಟೇ. ಅಂದರೆ ಮುನ್ನೂರು ಮೈಕ್ರಾನ್ ತ್ರಿಜ್ಯದ ಕೋಶಕ್ಕೂ ಉಸಿರಾಟದ ತೊಂದರೆ ಇಲ್ಲ.

ನಮ್ಮ ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರಾನ್. ಮೈಯ ಬಹಳಷ್ಟು ಕೋಶಗಳು 10ರಿಂದ 30 ಮೈಕ್ರಾನ್. ಆಮ್ಲಜನಕ ಹಾಕಿದ ಬೇಲಿ ಎಲ್ಲೋ ದೂರದಲ್ಲಿದೆ, ಕೋಶಗಳು ಅದರ ಹತ್ತಿರವೂ ಸುಳಿದಿಲ್ಲ! ಹಾಗಾದರೆ ಅವುಗಳನ್ನು ತಡೆದದ್ದು ಯಾವುದು? ಮೇಲ್ಮೈ ಮತ್ತು ಘನಫಲದ ಅನುಪಾತ ಹೇಳಿ ಪುಟ ತಿರುಗಿಸುವ ಪಠ್ಯಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ.

ಪಿಯುಸಿ ಎರಡನೇ ವರ್ಷ (ಅಂಕೋಲಾ)

ಅಕ್ಕೋರೇ, ಪರೀಕ್ಷೆಯಲ್ಲಿ ಅನುಪಾತವನ್ನೇ ಬರೆದರೆ ಅಂಕ ಕೊಡುತ್ತಾರಲ್ಲ? ಈಗ ಏನು ಬರೆಯಲಿ?

ಲೆಕ್ಕದವಳು (ಹೊನ್ನಾವರ)

ಅನುಪಾತವನ್ನೇ ಬರೆ. ಅಂಕ ಬಂದ ಮೇಲೆ ಇಲ್ಲಿಗೆ ಬಾ.

ಕುಮಟಾ ಮಾಸ್ತರು

ಅಕ್ಕೋರೇ, ಅನುಪಾತವನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಸಣ್ಣ ಕರುಳಿನ ಒಳಪದರದ ಕೋಶವನ್ನು ನೋಡಿ. ಆಹಾರ ಹೀರುವ ಬದಿಯಲ್ಲಿ ಸಾವಿರಾರು ಸೂಕ್ಷ್ಮ ಬೆರಳುಗಳನ್ನು ಚಾಚಿ ಮೇಲ್ಮೈಯನ್ನು ಹತ್ತಾರು ಪಟ್ಟು ಹೆಚ್ಚಿಸಿಕೊಂಡಿದೆ. ರಕ್ತಕಣ ತನ್ನ ಕೋಶಕೇಂದ್ರವನ್ನೇ ಕಳೆದುಕೊಂಡು, ನಡುವೆ ತಗ್ಗಾದ ಚಪ್ಪಟೆ ಆಕಾರ ಪಡೆದಿದೆ. ಮೇಲ್ಮೈಗೆ ಬೆಲೆ ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ?

ಲೆಕ್ಕದವಳು (ಹೊನ್ನಾವರ)

ಬೆಲೆ ಇದೆ ಮಾಸ್ತರೇ. ಆದರೆ ಮೇಲ್ಮೈ ಬೇಕಾದಾಗ ಕೋಶ ಮಡಿಕೆ ಹಾಕಿಕೊಳ್ಳುತ್ತದೆ, ಚಪ್ಪಟೆಯಾಗುತ್ತದೆ ಎಂದು ನೀವೇ ತೋರಿಸಿದಿರಿ. ಮೇಲ್ಮೈಗಾಗಿ ಕೋಶ ಚಿಕ್ಕದಾಗಲೇಬೇಕು ಎಂದಿಲ್ಲ. ನನಗೆ ಮುಖ್ಯವೆಂದು ಕಾಣುವುದು ದೂರ, ದೂರಕ್ಕಿಂತ ಹೆಚ್ಚಾಗಿ ಕಾಲ.

ವಿಸರಣೆಯಲ್ಲಿ ಕಣಕ್ಕೆ ಗುರಿ ಇಲ್ಲ. ಆ ಕಡೆ ಈ ಕಡೆ ತಳ್ಳಿಸಿಕೊಳ್ಳುತ್ತಾ ಹೇಗೋ ಮುಂದೆ ಹೋಗುತ್ತದೆ. ಅದಕ್ಕೇ ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. ಸಕ್ಕರೆಯಂಥ ಸಣ್ಣ ಅಣುವಿಗೆ ನೀರಿನಲ್ಲಿ ಹತ್ತು ಮೈಕ್ರಾನ್ ದಾಟಲು ಸೆಕೆಂಡಿನ ಒಂದು ಚೂರು ಸಾಕು. ಮಿಲಿಮೀಟರಿಗೆ ಕೆಲವು ನಿಮಿಷ ಬೇಕು. ಇನ್ನು ಪ್ರೋಟೀನು ದೊಡ್ಡ ಅಣು, ಕೋಶದ ಒಳಗೋ ವಿಪರೀತ ಇಕ್ಕಟ್ಟು. ಅಲ್ಲಿ ಹತ್ತು ಮೈಕ್ರಾನಿಗೆ ಎರಡು ಸೆಕೆಂಡಿನ ಹತ್ತಿರ, ಒಂದು ಮಿಲಿಮೀಟರಿಗೆ ನಾಲ್ಕೈದು ಗಂಟೆ, ಒಂದು ಸೆಂಟಿಮೀಟರಿಗೆ ಹತ್ತೊಂಬತ್ತು ದಿನ. ಕೋಶದ ಅಂಚಿನಲ್ಲಿ ಏನೋ ಆಯಿತು, ಸುದ್ದಿ ಕೋಶಕೇಂದ್ರಕ್ಕೆ ಹೋಗಬೇಕು, ಅಲ್ಲಿಂದ ಆದೇಶ ಹೊರಟು ಪ್ರೋಟೀನು ತಯಾರಾಗಿ ಅಂಚಿಗೆ ಮರಳಬೇಕು. ಮಿಲಿಮೀಟರ್ ತ್ರಿಜ್ಯದ ಕೋಶದಲ್ಲಿ ಇದಕ್ಕೆ ಅರ್ಧ ದಿನ ಹೋಗುತ್ತದೆ. ಉಸಿರು ಕಟ್ಟದಿದ್ದರೂ ಅಂಥ ಕೋಶಕ್ಕೆ ತನ್ನ ಕೆಲಸದ ಮೇಲೆ ಹಿಡಿತ ಇರುವುದಿಲ್ಲ.

ಬೇಲೆಕೇರಿ ದೋಣಿ

ಅಕ್ಕೋರ ಮಾತು ಅರ್ಥವಾಯಿತು. ಆದರೆ ಬಾಟಲಿಯಲ್ಲಿ ತೇಲಿದ ಕಾಳಿಗೆ ಈ ಕಷ್ಟ ಏಕೆ ಬರಲಿಲ್ಲ ಎಂದು ಯಾರೂ ಹೇಳಲಿಲ್ಲ. ಹಾಗೆಯೇ ಬಂದರಿನ ಹೂಳಿನ ಬಗ್ಗೆಯೂ ಯಾರೂ

ನಿರ್ವಾಹಕ ಬಳಗ

ಬಂದರಿನ ಹೂಳಿಗೆ ಬೇರೆ ಎಳೆ ಇದೆ, ಮೇಲಿನ ಬರಹದ ಉಳಿದ ಭಾಗವನ್ನು ಅಲ್ಲಿಗೆ ಸಾಗಿಸಿದ್ದೇವೆ. ಇಲ್ಲಿ ಕೋಶದ ಮಾತು ಮುಂದುವರಿಯಲಿ.

ಯಲ್ಲಾಪುರದ ಹುಡುಗ

ಕೋಶಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಈಗ ಊರಲ್ಲಿಲ್ಲ. ದೋಣಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ನಾಕ್ಟಿಲ್ಯೂಕದ ಕಾಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮೊದಲು ಕಾಣುವುದು ಏನೂ ಇಲ್ಲದಿರುವುದು. ಗೋಲದ ಹೆಚ್ಚಿನ ಭಾಗ ರಸದಾನಿ ಎಂಬ ದ್ರವದ ಚೀಲ, ಅದರಲ್ಲಿ ಕಡಲ ನೀರಿಗಿಂತ ಹಗುರವಾದ ದ್ರವ. ಭಾರದ ಲವಣಗಳ ಬದಲು ಅಮೋನಿಯಂ ತುಂಬಿಕೊಂಡು ಅದು ಹಗುರವಾಗಿದೆ. ಕಾಳುಗಳು ಬಾಟಲಿಯ ಮೇಲ್ಪದರಕ್ಕೆ ಬಂದದ್ದು ಅದರಿಂದಲೇ. ಜೀವವಿರುವ ಕೋಶದ್ರವ್ಯ ಒಂದು ಬದಿಯಲ್ಲಿ, ಬಾಯಿಯ ಹತ್ತಿರ, ಗುಂಪುಗೂಡಿದೆ, ಕೋಶಕೇಂದ್ರವೂ ಅಲ್ಲೇ. ಅಲ್ಲಿಂದ ನವಿರಾದ ಎಳೆಗಳು ಕವಲೊಡೆಯುತ್ತಾ ಗೋಲದ ಹೊರಪೊರೆಯವರೆಗೆ ಹರಡುತ್ತವೆ. ಹೊರ ಅಳತೆ ಅರ್ಧ ಮಿಲಿಮೀಟರ್ ಇರಬಹುದು, ಆದರೆ ಕೋಶದ್ರವ್ಯದ ಯಾವ ತುಣುಕೂ ದ್ರವದಿಂದ ಹೆಚ್ಚು ಆಳದಲ್ಲಿಲ್ಲ.

ದೊಡ್ಡ ಕೋಶಗಳ ಪಟ್ಟಿಯನ್ನೆಲ್ಲ ಹೀಗೇ ತಡಕಬಹುದು. 1997ರಲ್ಲಿ ನಮೀಬಿಯಾದ ಕಡಲತಳದ ಕೆಸರಿನಲ್ಲಿ ಹೈಡೆ ಶುಲ್ಟ್ಸ್ ಎಂಬ ವಿಜ್ಞಾನಿ ಕಂಡ ಥಯೋಮಾರ್ಗರಿಟಾ ನಮೀಬಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಕ್ಕಾಲು ಮಿಲಿಮೀಟರ್ ತನಕ ಬೆಳೆಯುತ್ತದೆ. ಅದರ ಒಡಲಿನ ಶೇಕಡ 98ರಷ್ಟು ನೈಟ್ರೇಟ್ ತುಂಬಿದ ರಸದಾನಿ. ಅದರ ಬಂಧು ಥಯೋಮಾರ್ಗರಿಟಾ ಮ್ಯಾಗ್ನಿಫಿಕಾ, 2022ರಲ್ಲಿ ವಿವರಗಳು ಪ್ರಕಟವಾದವು. ಕೆರಿಬಿಯನ್ ಕಡಲಿನ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ, ನೀರಲ್ಲಿ ಮುಳುಗಿ ಕೊಳೆಯುತ್ತಿದ್ದ ಎಲೆಗಳ ಮೇಲೆ ಸಿಕ್ಕಿತು. ಸರಾಸರಿ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು, ಎರಡು ಸೆಂಟಿಮೀಟರ್ ಮುಟ್ಟಿದ್ದೂ ಇದೆ. ಬ್ಯಾಕ್ಟೀರಿಯಾ ಇದು! ಒಳಗೆ ಮತ್ತೆ ಅದೇ ಕಥೆ: ನಡುವೆ ದೊಡ್ಡ ರಸದಾನಿ, ಅದರ ಸುತ್ತ ಸುಮಾರು 3 ಮೈಕ್ರಾನ್ ದಪ್ಪದ ಕೋಶದ್ರವ್ಯದ ಪದರ. ಆ ದಪ್ಪ ಸಾಧಾರಣ ಬ್ಯಾಕ್ಟೀರಿಯಾದ ಅಳತೆಯೇ.

ನನ್ನ ಅಭಿಪ್ರಾಯ ಕೇಳುವುದಾದರೆ, ಕೋಶಗಳು ಚಿಕ್ಕವು ಎಂಬ ಮಾತನ್ನೇ ಸ್ವಲ್ಪ ತಿರುಗಿಸಿ ಹೇಳಬೇಕು. ಕೋಶದ ಹೊರ ಅಳತೆ ಎಷ್ಟಾದರೂ ಇರಲಿ, ಜೀವ ನಡೆಯುವ ದ್ರವ್ಯ ಮಾತ್ರ ಹೊರಗಿನಿಂದಲೂ ತನ್ನ ಡಿಎನ್‌ಎಯಿಂದಲೂ ದೂರ ಹೋಗುವುದಿಲ್ಲ.

ಬೇಲೆಕೇರಿ ದೋಣಿ

ಕಾಂಡ್ಲಾ ಕಾಡು ನಮ್ಮಲ್ಲೂ ಇದೆಯಲ್ಲ. ಕಾಳಿಯ ಮುಖದಲ್ಲಿ, ಅಘನಾಶಿನಿಯ ಹಿನ್ನೀರಿನಲ್ಲಿ ಬೇಕಾದಷ್ಟು. ಬಳಚು ಹೆಕ್ಕುವವರು ದಿನವೂ ಆ ಕೆಸರಿನಲ್ಲೇ ಇರುತ್ತಾರೆ. ಕೊಳೆತ ಎಲೆಯ ಮೇಲೆ ಬಿಳಿ ಎಳೆ ನಾನೂ ಕಂಡಿದ್ದೇನೆ.

ಯಲ್ಲಾಪುರದ ಹುಡುಗ

ಬಿಳಿ ಎಳೆ ಎಂದಾಕ್ಷಣ ಅದೇ ಎನ್ನಲಾಗದು ಅಣ್ಣ. ಗಂಧಕ ತಿನ್ನುವ ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯಾವೂ ಬಿಳಿ ಎಳೆಯಾಗಿ ಕಾಣುತ್ತದೆ, ಆದರೆ ಅದರ ಎಳೆ ಎಂದರೆ ಸಾಲಾಗಿ ಜೋಡಿಸಿಕೊಂಡ ಹಲವು ಕೋಶ. ಮುಂದಿನ ಸಲ ಕಂಡರೆ ಎಲೆ ಸಮೇತ ಅದೇ ನೀರಿನಲ್ಲಿ ತಂದಿಡಿ. ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ವಿಭಾಗವೇ ಇದೆ, ಸೂಕ್ಷ್ಮದರ್ಶಕಕ್ಕೆ ದೂರ ಹೋಗಬೇಕಾಗಿಲ್ಲ.

ತೋಟಿಗ (ಶಿರಸಿ)

ತನ್ನ ಡಿಎನ್‌ಎಯಿಂದಲೂ ಎಂದಿರಿ. ಅದನ್ನು ಹಾಗೇ ದಾಟಿಸಿಬಿಟ್ಟಿರಿ. ಡಿಎನ್‌ಎಗೂ ಗಾತ್ರಕ್ಕೂ ಏನು ಸಂಬಂಧ?

ಯಲ್ಲಾಪುರದ ಹುಡುಗ

ನನಗೆ ಇಷ್ಟದ ಭಾಗವೇ ಅದು.

ಸಾಮಾನ್ಯ ಕೋಶದಲ್ಲಿ ಒಂದು ಜೀನಿನ ಪ್ರತಿ ಎರಡೇ, ಒಂದು ತಾಯಿಯದು, ಒಂದು ತಂದೆಯದು. ಆ ಪ್ರತಿಯಿಂದ ನಕಲು ತೆಗೆಯುವ ವೇಗಕ್ಕೆ ಮಿತಿ ಇದೆ. ಕೋಶ ದೊಡ್ಡದಾದಷ್ಟೂ ಬೇಕಾಗುವ ಪ್ರೋಟೀನು ಹೆಚ್ಚು, ಆದರೆ ಮೂಲ ಪ್ರತಿ ಎರಡೇ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯೀಸ್ಟ್ ಕೋಶಗಳು ವಿಭಜನೆಯಾಗದಂತೆ ತಡೆದು ಬರೀ ಬೆಳೆಯಲು ಬಿಟ್ಟರು. ಒಂದು ಹಂತದವರೆಗೆ ಎಲ್ಲ ಸರಿಯಿತ್ತು. ಅದರಾಚೆ ಆರ್‌ಎನ್‌ಎ ಮತ್ತು ಪ್ರೋಟೀನಿನ ತಯಾರಿಕೆ ಕೋಶದ ಬೆಳವಣಿಗೆಯ ಜತೆ ಹೆಜ್ಜೆ ಹಾಕಲಾರದೆ ಹಿಂದೆ ಬಿತ್ತು, ಕೋಶದ್ರವ್ಯ ತೆಳುವಾಯಿತು, ಕೋಶಗಳು ವಯಸ್ಸಾದವುಗಳ ಲಕ್ಷಣ ತೋರಿಸಿದವು. ಡಿಎನ್‌ಎ ಪ್ರತಿ ಹೆಚ್ಚಿದ್ದ ಕೋಶಗಳು ಅಷ್ಟೇ ದೊಡ್ಡದಾದರೂ ತಾಳಿಕೊಂಡವು. ಲೆಕ್ಕದವಳು ಅಕ್ಕ ಕೇಳಿದ ಬೇಲಿ ಇಲ್ಲಿದೆ ಎಂದು ನನಗನಿಸುತ್ತದೆ. ಆಮ್ಲಜನಕ ಮುಗಿಯುವ ಬಹಳ ಮೊದಲೇ ಡಿಎನ್‌ಎ ಸಾಲದಾಗುತ್ತದೆ.

ದೊಡ್ಡ ಬ್ಯಾಕ್ಟೀರಿಯಾಗಳಿಗೂ ಇದು ಗೊತ್ತಿದೆ. ಮ್ಯಾಗ್ನಿಫಿಕಾದ ಒಂದೇ ಕೋಶದಲ್ಲಿ ಇಡೀ ಜೀನೋಮಿನ ಲಕ್ಷಾಂತರ ಪ್ರತಿಗಳು ಆ ತೆಳು ಪದರದ ಉದ್ದಕ್ಕೂ ಸಣ್ಣ ಸಣ್ಣ ಚೀಲಗಳಲ್ಲಿ ಹಂಚಿಕೊಂಡಿವೆ. ನಮ್ಮ ಸ್ನಾಯುವಿನ ಎಳೆಯೂ ಹಾಗೇ. ಹಲವು ಕೋಶಗಳು ಬೆಸೆದುಕೊಂಡು ಅದು ಉಂಟಾಗುತ್ತದೆ, ಆದ್ದರಿಂದ ಒಂದೇ ಎಳೆಯಲ್ಲಿ ನೂರಾರು ಕೋಶಕೇಂದ್ರಗಳು ಸಾಲುಸಾಲಾಗಿರುತ್ತವೆ. ಕಾರವಾರದ ಕಡಲ ಬಂಡೆಗಳ ಮೇಲೆ ಬೆಳೆಯುವ ಕಾಲರ್ಪಾ ಎಂಬ ಹಸಿರು ಪಾಚಿಗೆ ಬಳ್ಳಿ, ಎಲೆ, ಬೇರು ಎಲ್ಲ ಇರುವಂತೆ ಕಾಣುತ್ತದೆ, ಆದರೆ ಒಳಗೆ ಅಡ್ಡಗೋಡೆ ಒಂದೂ ಇಲ್ಲ. ಅಷ್ಟೂ ಒಂದೇ ಕೋಶ, ಕೋಶಕೇಂದ್ರಗಳು ಅಸಂಖ್ಯ.

ಪಿಯುಸಿ ಎರಡನೇ ವರ್ಷ (ಅಂಕೋಲಾ)

ಅಣ್ಣ, ನಮ್ಮ ಕಾಲೇಜಿನಲ್ಲಿ ಕಾರಾ ಎಂಬ ಪಾಚಿಯನ್ನು ತೋರಿಸಿದ್ದರು. ಗದ್ದೆಯ ನಿಂತ ನೀರಿನಲ್ಲಿ ಸಿಗುತ್ತದೆ, ಮುಟ್ಟಿದರೆ ಸುಣ್ಣ ಮೆತ್ತಿದ ಹಾಗೆ ಒರಟು. ಎರಡು ಗಿಣ್ಣುಗಳ ನಡುವಿನ ಇಡೀ ಭಾಗ ಒಂದೇ ಕೋಶ ಎಂದರು, ಹಲವು ಸೆಂಟಿಮೀಟರ್ ಉದ್ದ. ಅದರದೇ ಕುಟುಂಬದ ನಿಟೆಲ್ಲಾದ ಮೇಲೆ ಸುಣ್ಣ ಕಡಿಮೆ, ಒಳಗೆ ಸ್ಪಷ್ಟವಾಗಿ ಕಾಣುತ್ತದೆ. ಹಸಿರು ಕಣಗಳು ಗೋಡೆಗೆ ಅಂಟಿಕೊಂಡು ಓರೆ ಸಾಲುಗಳಲ್ಲಿ ಅಲುಗಾಡದೆ ನಿಂತಿದ್ದವು. ಅವುಗಳ ಒಳಬದಿಯಲ್ಲಿ ಬಣ್ಣವಿಲ್ಲದ ದ್ರವ ಒಂದು ಬದಿಯಲ್ಲಿ ಮೇಲಕ್ಕೂ ಇನ್ನೊಂದು ಬದಿಯಲ್ಲಿ ಕೆಳಕ್ಕೂ ಒಂದೇ ಸಮನೆ ಹರಿಯುತ್ತಿತ್ತು. ಅದರೊಳಗಿನ ಚೂರೊಂದನ್ನು ಕಣ್ಣಿನಲ್ಲೇ ಹಿಂಬಾಲಿಸಲು ಹೋದರೆ ಅದು ನೋಟದ ವೃತ್ತದಿಂದ ಹೊರಗೇ ಹೋಯಿತು. ಪರೀಕ್ಷೆಗೆ ಬರುವುದಿಲ್ಲ ಎಂದು ಸ್ಲೈಡನ್ನು ಬೇಗ ತೆಗೆದುಬಿಟ್ಟರು.

ಲೆಕ್ಕದವಳು (ಹೊನ್ನಾವರ)

ಭಲೇ! ಇದು ಇಟಲಿಯ ಬೊನವೆಂಚುರಾ ಕೋರ್ತಿ 1774ರಲ್ಲಿ ಕಾರಾದಲ್ಲಿ ಕಂಡ ಹರಿವೇ. ಸೆಕೆಂಡಿಗೆ ನೂರು ಮೈಕ್ರಾನಿನವರೆಗೂ ಓಡುತ್ತದೆ. ಒಂದು ಸೆಂಟಿಮೀಟರಿಗೆ ಎರಡು ನಿಮಿಷ ಸಾಕು ಎಂದಾಯಿತು. ಮೇಲೆ ನಾನು ಪ್ರೋಟೀನಿಗೆ ಹತ್ತೊಂಬತ್ತು ದಿನ ಎಂದಿದ್ದೆ, ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಿಸರಣೆಯನ್ನು ನೆಚ್ಚಿಕೊಂಡು ಕೂರದೆ ಕೋಶ ತನ್ನೊಳಗನ್ನು ತಾನೇ ಕಲಕುತ್ತಿದೆ. ಇಂಥದ್ದು ಪರೀಕ್ಷೆಗೆ ಬರುವುದಿಲ್ಲವಂತೆ.

ಬೇಲೆಕೇರಿ ದೋಣಿ

ಉದ್ದದ ಕೋಶದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಬೊಂಡಾಸದಲ್ಲಿ (ಸ್ಕ್ವಿಡ್) ದೊಡ್ಡ ನರ ಇದೆ, ಅದರಿಂದ ನೊಬೆಲ್ ಬಂತು ಎಂದು ಮಗಳು ಹೇಳುತ್ತಿದ್ದಳು. ನಿಜವೋ, ಮೊಬೈಲ್ ಪುರಾಣವೋ?

ಯಲ್ಲಾಪುರದ ಹುಡುಗ

ನಿಜ. ಬೊಂಡಾಸವನ್ನು ಸ್ವಚ್ಛ ಮಾಡುವಾಗ ಚೀಲವನ್ನು ಉದ್ದಕ್ಕೆ ಸೀಳಿ, ಒಳಗಿನದನ್ನು ತೆಗೆದು, ಗೋಡೆಯ ಒಳಬದಿಯನ್ನು ಮೇಲೆ ಮಾಡಿ ನೋಡಿ. ತಲೆಯ ಕಡೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ನಕ್ಷತ್ರಾಕಾರದ ಗಂಟು, ಅದರಿಂದ ಬಿಳಿ ಎಳೆಗಳು ಮಾಂಸದೊಳಕ್ಕೆ ಹರಡಿರುತ್ತವೆ. ಎಲ್ಲಕ್ಕಿಂತ ದಪ್ಪದ ಎಳೆಯಲ್ಲಿ ಆ ದೈತ್ಯ ನರತಂತು ಇದೆ. ಅಗಲ ಅರ್ಧ ಮಿಲಿಮೀಟರ್, ದೊಡ್ಡ ಜಾತಿಗಳಲ್ಲಿ ಒಂದು ಮಿಲಿಮೀಟರ್. ಹೆದರಿದಾಗ ಇಡೀ ಚೀಲ ಒಮ್ಮೆಗೇ ಕುಗ್ಗಿ ನೀರು ಚಿಮ್ಮಬೇಕು, ಅದಕ್ಕೆ ಸುದ್ದಿ ವೇಗವಾಗಿ ಓಡಬೇಕು; ತಂತು ದಪ್ಪವಾದಷ್ಟೂ ವೇಗ ಹೆಚ್ಚು. ಒಳಗೆ ವಿದ್ಯುದಗ್ರ ತೂರಿಸುವಷ್ಟು ದಪ್ಪವಿದ್ದುದರಿಂದಲೇ ಹಾಜ್‌ಕಿನ್ ಮತ್ತು ಹಕ್ಸ್‌ಲಿ ನರದ ವಿದ್ಯುತ್ತನ್ನು ಅಳೆದರು. 1952ರಲ್ಲಿ ಪ್ರಕಟಿಸಿದರು, 1963ರಲ್ಲಿ ನೊಬೆಲ್ ಬಂತು. ಅವರು ಬಳಸಿದ್ದು ಯುರೋಪಿನ ಕಡಲಿನ ಜಾತಿ. ಇನ್ನೊಂದು ಮಾತು: ಈ ತಂತು ಒಂದೇ ಕೋಶದ್ದಲ್ಲ, ಹಲವು ನರಕೋಶಗಳ ತಂತುಗಳು ಬೆಸೆದು ಆದದ್ದು.

ನಮ್ಮ ನರಕೋಶಗಳು ಉದ್ದದಲ್ಲಿ ಅದನ್ನೂ ಮೀರಿಸುತ್ತವೆ. ಬೆನ್ನುಹುರಿಯಿಂದ ಕಾಲಿನ ಬೆರಳಿನವರೆಗೆ ಸುಮಾರು ಒಂದು ಮೀಟರ್, ಒಂದೇ ಕೋಶ. ಕೋಶಕೇಂದ್ರ ಮೇಲಿನ ತುದಿಯಲ್ಲಿ. ಅಲ್ಲಿ ತಯಾರಾದ ಸರಕನ್ನು ಕೈನೆಸಿನ್ ಎಂಬ ಪ್ರೋಟೀನುಗಳು ಹೊತ್ತುಕೊಂಡು, ತಂತುವಿನೊಳಗೆ ಹಾಸಿರುವ ಹಳಿಗಳ ಮೇಲೆ ಹೆಜ್ಜೆಯಿಡುತ್ತಾ ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗಿಸುತ್ತವೆ. ಬೆರಳು ತಲುಪಲು ಮೂರು ದಿನ, ಐದು ದಿನ. ಅಕ್ಕೋರೇ, ವಿಸರಣೆಗೆ ಬಿಟ್ಟಿದ್ದರೆ?

ಲೆಕ್ಕದವಳು (ಹೊನ್ನಾವರ)

ಒಂದು ಮೀಟರಿಗೆ ಐನೂರು ವರ್ಷಕ್ಕೂ ಹೆಚ್ಚು. ವಿಜಯನಗರದ ಅರಸರು ಆಳುತ್ತಿದ್ದಾಗ ಹೊರಟ ಪ್ರೋಟೀನು ಇವತ್ತಿಗೆ ಬಂದು ಮುಟ್ಟುತ್ತಿತ್ತು.

ಕಡಲದಂಡೆ (ಕಾರವಾರ)

ಹಾಗಾದರೆ ಕೋಳಿಮೊಟ್ಟೆ? ಅದರ ಹಳದಿ ಒಂದೇ ಕೋಶ ಎನ್ನುತ್ತಾರೆ. ಅಲ್ಲಿ ಟೊಳ್ಳೂ ಇಲ್ಲ, ಕಲಕುವುದೂ ಇಲ್ಲ, ಕೋಶಕೇಂದ್ರವೂ ಒಂದೇ.

ಕುಮಟಾ ಮಾಸ್ತರು

ಇದಕ್ಕೆ ನಾನು ಉತ್ತರಿಸುತ್ತೇನೆ, ಯುವಕರು ಸ್ವಲ್ಪ ತಡೆಯಲಿ. ಹಳದಿಯ ಮೇಲೆ ಎರಡು ಮೂರು ಮಿಲಿಮೀಟರ್ ಅಗಲದ ಮಾಸಲು ಬಿಳಿ ಚುಕ್ಕೆ ಇರುತ್ತದೆ. ಮೊಟ್ಟೆಯನ್ನು ತಟ್ಟೆಗೆ ಒಡೆದು ಹಳದಿಯನ್ನು ನಿಧಾನವಾಗಿ ಉರುಳಿಸಿದರೆ ಕಾಣುತ್ತದೆ. ಕೋಶಕೇಂದ್ರ ಇರುವುದು ಅಲ್ಲಿ, ಚಟುವಟಿಕೆ ನಡೆಯುವುದೂ ಅಲ್ಲೇ. ಉಳಿದ ಹಳದಿಯೆಲ್ಲ ತಾಯಿ ಕಟ್ಟಿಕೊಟ್ಟ ಬುತ್ತಿ, ಅದು ಉಸಿರಾಡುವುದಿಲ್ಲ, ಪ್ರೋಟೀನು ತಯಾರಿಸುವುದಿಲ್ಲ. ಹಳದಿಯ ಬಹುಪಾಲು ತಯಾರಾಗುವುದು ಕೂಡ ತಾಯಿಯ ಯಕೃತ್ತಿನಲ್ಲಿ. ಮರಿಯಾಗುವ ಮೊಟ್ಟೆಯಾದರೆ ಗೂಡಿಗೆ ಬೀಳುವ ಹೊತ್ತಿಗೆ ಆ ಚುಕ್ಕೆ ಒಂದು ಕೋಶವಾಗಿ ಉಳಿದಿರುವುದೂ ಇಲ್ಲ, ಸಾವಿರಾರು ಆಗಿರುತ್ತದೆ.

ತೋಟಿಗ (ಶಿರಸಿ)

ಕಪ್ಪೆಯ ಮೊಟ್ಟೆಯೂ ಹಾಗೇ ಇರಬೇಕು. ಮೊದಲ ಮಳೆ ಬಿದ್ದ ಮೇಲೆ ಗದ್ದೆಯ ಅಂಚಿನ ಹೊಂಡದಲ್ಲಿ ಕರಿಚುಕ್ಕೆಗಳ ಲೋಳೆ, ನಾವು ಸಣ್ಣವರಿದ್ದಾಗ ಬಾಟಲಿಗೆ ಹಾಕಿಡುತ್ತಿದ್ದೆವು. ಕತ್ತಲೆಕಾನಿನ ಕಡೆ ತನ್ನ ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಯೂ ಇದೆ. ವಿಜ್ಞಾನಕ್ಕೆ ಪರಿಚಯವಾದದ್ದು 2014ರಲ್ಲಿ, ನಮ್ಮ ಹೊಳೆಬದಿಯಲ್ಲಿ ಕೂಗುತ್ತಿದ್ದದ್ದು ಯಾವಾಗಿನಿಂದಲೋ.

ಯಲ್ಲಾಪುರದ ಹುಡುಗ

ಕಪ್ಪೆಯ ಮೊಟ್ಟೆ ಇನ್ನೂ ಸ್ವಾರಸ್ಯ. ಪ್ರಯೋಗಾಲಯದಲ್ಲಿ ಹೆಚ್ಚು ಬಳಸುವ ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಮೊಟ್ಟೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ತಾಯಿಯ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಳೆಯುವಾಗ ಅದು ರೈಬೋಸೋಮಿಗೆ (ಪ್ರೋಟೀನು ಕಟ್ಟುವ ಯಂತ್ರಕ್ಕೆ) ಬೇಕಾದ ಜೀನುಗಳನ್ನು ಮಾತ್ರ ಸಾವಿರಾರು ಪಟ್ಟು ನಕಲು ಮಾಡಿಕೊಂಡು ಬೇಕಾದಷ್ಟು ದಾಸ್ತಾನು ಮಾಡಿಟ್ಟುಕೊಳ್ಳುತ್ತದೆ. ಫಲಿತವಾದ ಮೇಲೆ ಬೆಳೆಯುವುದೇ ಇಲ್ಲ, ಬರೀ ಭಾಗವಾಗುತ್ತದೆ. ಸುಮಾರು ಅರ್ಧ ಗಂಟೆಗೊಮ್ಮೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹನ್ನೆರಡು ಸುತ್ತಿನಲ್ಲಿ ನಾಲ್ಕು ಸಾವಿರ ಕೋಶ, ಒಟ್ಟು ಗಾತ್ರ ಅಷ್ಟೇ. ಡಿಎನ್‌ಎ ಮತ್ತು ಕೋಶದ್ರವ್ಯದ ಪ್ರಮಾಣ ಒಂದು ಹದಕ್ಕೆ ಬಂದ ಮೇಲೆಯೇ ಭ್ರೂಣ ತನ್ನ ಸ್ವಂತ ಜೀನುಗಳನ್ನು ದೊಡ್ಡ ಪ್ರಮಾಣದಲ್ಲಿ ಓದಲು ಶುರು ಮಾಡುತ್ತದೆ.

ಕಡಲದಂಡೆ (ಕಾರವಾರ)

ಕೋಶಕ್ಕೆ ತನ್ನ ಅಳತೆ ಗೊತ್ತಾಗುವುದು ಹೇಗೆ? ಒಳಗೆ ಅಳತೆಪಟ್ಟಿ ಇಲ್ಲವಲ್ಲ.

ಯಲ್ಲಾಪುರದ ಹುಡುಗ

ಯೀಸ್ಟಿನಲ್ಲಿ ಕಂಡ ಒಂದು ದಾರಿ ಹೇಳುತ್ತೇನೆ. ವೈ5 ಎಂಬ ಪ್ರೋಟೀನು ವಿಭಜನೆಗೆ ತಡೆ ಒಡ್ಡುತ್ತದೆ. ಹುಟ್ಟುವಾಗ ಕೋಶಕ್ಕೆ ಅದರ ಒಂದು ಗೊತ್ತಾದ ಪಾಲು ಸಿಗುತ್ತದೆ, ಬೆಳೆಯುವಾಗ ಹೊಸದು ಅಷ್ಟಾಗಿ ಸೇರುವುದಿಲ್ಲ. ಕೋಶ ಹಿಗ್ಗಿದಂತೆ ಅದರ ಸಾಂದ್ರತೆ ಇಳಿಯುತ್ತದೆ. ಸಾಕಷ್ಟು ಇಳಿದಾಗ ತಡೆ ಸಡಿಲವಾಗಿ ಕೋಶ ವಿಭಜನೆಯ ಹಾದಿ ಹಿಡಿಯುತ್ತದೆ. ಇದು 2015ರಲ್ಲಿ ಪ್ರಕಟವಾಯಿತು. ಮನುಷ್ಯರ ಕೋಶಗಳಲ್ಲಿ ಆರ್‌ಬಿ ಎಂಬ ಪ್ರೋಟೀನು ಹೀಗೇ ತೆಳುವಾಗುತ್ತದೆ ಎಂದು 2020ರಲ್ಲಿ ತೋರಿಸಿದರು. ಬಹಳ ಬ್ಯಾಕ್ಟೀರಿಯಾಗಳದು ಬೇರೆಯೇ ರೀತಿ. ಹುಟ್ಟುವಾಗ ಎಷ್ಟೇ ಉದ್ದವಿರಲಿ, ಒಂದು ನಿಗದಿತ ಉದ್ದವನ್ನು ಸೇರಿಸಿಕೊಂಡ ಮೇಲೆ ಭಾಗವಾಗುತ್ತವೆ, ಹಾಗಾಗಿ ಕೆಲವು ತಲೆಮಾರಿನಲ್ಲಿ ಉದ್ದದವೂ ಗಿಡ್ಡವೂ ಒಂದೇ ಸರಾಸರಿಗೆ ಬಂದು ನಿಲ್ಲುತ್ತವೆ.

ಪಿಯುಸಿ ಎರಡನೇ ವರ್ಷ (ಅಂಕೋಲಾ)

ದಾಂಡೇಲಿ ಕಾಡಿನ ಆನೆಯ ಕೋಶ ಇಲಿಯ ಕೋಶಕ್ಕಿಂತ ದೊಡ್ಡದೇ?

ಕುಮಟಾ ಮಾಸ್ತರು

ಇಲ್ಲ ತಂಗಿ, ಹೆಚ್ಚುಕಡಿಮೆ ಒಂದೇ ಅಳತೆ. ಆನೆಗೆ ಕೋಶಗಳ ಸಂಖ್ಯೆ ಹೆಚ್ಚು. ನರಕೋಶದಂಥ ಕೆಲವು ಮಾತ್ರ ಮೈಯ ಜತೆ ಉದ್ದವಾಗುತ್ತವೆ.

ತೋಟಿಗ (ಶಿರಸಿ)

ಮೇಲೆ ಹಲವು ಕೋಶಕೇಂದ್ರದ ಒಂದೇ ಕೋಶ ಎಂದಿರಲ್ಲ, ಅದನ್ನು ಓದಿದಾಗಿನಿಂದ ಒಂದು ಅನುಮಾನ. ಗಂಜಿ ಕಟ್ಟದ ತೀರಾ ಎಳೆಯ ಎಳನೀರಿನೊಳಗೆ ಬರೀ ನೀರು. ಆಮೇಲೆ ಅದೇ ಗಂಜಿಯಾಗಿ ಕಾಯಿಯಾಗುತ್ತದೆ. ಎಳೆ ಅಡಿಕೆಯನ್ನು ಕೊಯ್ದರೂ ಒಳಗೆ ನೀರೇ. ಆ ನೀರು ಕೋಶವೋ ಅಲ್ಲವೋ?

ಯಲ್ಲಾಪುರದ ಹುಡುಗ

ಇಷ್ಟು ದೊಡ್ಡ ಉದಾಹರಣೆ ತೋಟದಲ್ಲೇ ನೇತಾಡುತ್ತಿರುವಾಗ ನಾನು ಗ್ವಾಡೆಲೂಪ್ ತನಕ ಹೋಗಿದ್ದೆ.

ಅದು ಭ್ರೂಣಾಹಾರ. ತೆಂಗಿನಲ್ಲಿ ಮೊದಲು ಕೋಶಕೇಂದ್ರ ಮಾತ್ರ ಮತ್ತೆ ಮತ್ತೆ ಎರಡಾಗುತ್ತಾ ಹೋಗುತ್ತದೆ, ನಡುವೆ ಗೋಡೆ ಏಳುವುದಿಲ್ಲ. ಅಂದರೆ ಆ ಹಂತದಲ್ಲಿ ಒಳಗಿನದಷ್ಟೂ ಸಾವಿರಾರು ಕೋಶಕೇಂದ್ರಗಳು ತೇಲುವ ಒಂದೇ ಕೋಶ. ಗೋಡೆಗಳು ಏಳುವುದು ಆಮೇಲೆ, ಚಿಪ್ಪಿನ ಒಳಮೈಗೆ ತಾಗಿಕೊಂಡ ಅಂಚಿನಿಂದ ಶುರುವಾಗಿ. ಆಗ ಮೂಡುವ ಸಣ್ಣ ಕೋಶಗಳ ಪದರವೇ ನೀವು ಚಮಚೆಯಲ್ಲಿ ಕೆರೆದು ತಿನ್ನುವ ಗಂಜಿ. ನಡುವಿನ ನೀರು ಹಾಗೇ ಉಳಿದುಬಿಡುತ್ತದೆ.

ಲೆಕ್ಕದವಳು (ಹೊನ್ನಾವರ)

ಇದನ್ನು ಕಣ್ಣಾರೆ ನೋಡಬಹುದೇ?

ಯಲ್ಲಾಪುರದ ಹುಡುಗ

ನೋಡಬಹುದು. ಗಂಜಿ ಇನ್ನೂ ಕಟ್ಟದ ಕಾಯಿಯ ನೀರನ್ನು ಗಾಜಿನ ನಳಿಕೆಯಲ್ಲಿ ತಣ್ಣಗೆ ಇಟ್ಟು, ತಳಕ್ಕೆ ಇಳಿದದ್ದರಿಂದ ಒಂದು ಹನಿ ಸ್ಲೈಡಿಗೆ ಹಾಕಿ, ಅಸಿಟೋಕಾರ್ಮಿನ್ ಬಣ್ಣ ಬೆರೆಸಿ ನೋಡಿ. ಆ ಬಣ್ಣ ಪಿಯುಸಿ ಪ್ರಯೋಗಾಲಯದಲ್ಲಿ ಇರುತ್ತದೆ, ಈರುಳ್ಳಿ ಬೇರಿನ ತುದಿಗೆ ಬಳಸುವುದು ಅದನ್ನೇ. ಕೋಶಕೇಂದ್ರಗಳು ಕೆಂಪಾಗಿ ಕಾಣಬೇಕು. ಕಾಯಿ ತೀರಾ ಎಳತಿರಬೇಕು, ಅಂಗಡಿಯಲ್ಲಿ ಮಾರುವ ಎಳನೀರು ಬಲಿತಿರುತ್ತದೆ.

ಲೆಕ್ಕದವಳು (ಹೊನ್ನಾವರ)

ತೋಟಿಗರೇ, ನಮ್ಮ ಕಾಲೇಜಿಗೆ ಬೇರೆ ಬೇರೆ ಹಂತದ ನಾಲ್ಕೈದು ಕಾಯಿ ಕೊಡಿಸುತ್ತೀರಾ? ಸೂಕ್ಷ್ಮದರ್ಶಕ, ಬಣ್ಣ, ಮಕ್ಕಳು ಎಲ್ಲ ನಮ್ಮ ಕಡೆಯಿಂದ. ಅಂಕೋಲಾದ ತಂಗಿಯೂ ಬರಲಿ.

ತೋಟಿಗ (ಶಿರಸಿ)

ಕಾಯಿ ಎಷ್ಟು ಬೇಕಾದರೂ ಒಯ್ಯಿರಿ, ದುಡ್ಡು ಬೇಡ. ಮರ ಹತ್ತುವವರನ್ನು ಮಾತ್ರ ನೀವೇ ಕರೆತನ್ನಿ.